ಮುಪ್ಪಿನ ಕಂಠಪಾಠ

ಗುರು, ಸ್ವಬುದ್ಧಿ, ಸಹಪಾಠಿಗಳು, ಕಾಲ—ಈ ನಾಲ್ವರೂ ಸಮಪಾಲು ಹಾಕಿದಲ್ಲದೆ ವಿದ್ಯೆಯು ಪೂರ್ತಿಯಾಗದೆಂದು ನಮ್ಮ ಪಾಠಶಾಲೆಗಳಲ್ಲಿ ಒಂದು ಹಳೆಯ ಲೆಕ್ಕವುಂಟು. ಎಂಟು ವರ್ಷದ ವಟುವಿಗೆ ಈ ನಾಲ್ಕು ಪಾಲೂ ಕೇಳದೆಯೇ ಒದಗುತ್ತವೆ. ಗುರುಗಳು ಎದುರಿಗೆ ಕುಳಿತಿರುವರು. ಬುದ್ಧಿಯು ಹಸಿಯ ಮಣ್ಣಿನಂತೆ ಒತ್ತಿದ ಗುರುತನ್ನು ಹಿಡಿಯುವುದು. ಅಕ್ಕಪಕ್ಕದಲ್ಲಿ ಹತ್ತು ಮಂದಿ ಹುಡುಗರು ಅದೇ ಪಾಠವನ್ನು ಕೂಗುತ್ತಿರುವರು. ಕಾಲವಂತೂ ಮುಂದೆ ಬೇಕಾದಷ್ಟು ಬಿದ್ದಿರುವುದು. ಅರುವತ್ತು ದಾಟಿದವರು ಹೊಸದೊಂದು ಭಾಷೆಯ ಪದಗಳನ್ನು ಬಾಯಿಪಾಠಮಾಡಲು ಕುಳಿತರೆ ಈ ಲೆಕ್ಕವೆಲ್ಲ ತಲೆಕೆಳಗಾಗುವುದು. ಗುರುವು ಪುಸ್ತಕದೊಳಗಿರುವನು; ಸಹಪಾಠಿಯೆಂಬವನಿಲ್ಲ; ಕಾಲವೋ ಎಣಿಸಿ ಕೊಟ್ಟ ಹಣದಂತೆ. ಉಳಿದುದು ಸ್ವಬುದ್ಧಿಯೊಂದೇ, ಅದರ ಮೇಲೆಯೂ ಮೊದಲಿನ ನೆಚ್ಚಿಕೆಯಿಲ್ಲ.

ಕೊಪ್ಪ ತಾಲೂಕಿನ ನಾರ್ವೆಯ ಒಂದು ತೋಟದ ಮನೆಯಲ್ಲಿ ಇಂತಹ ವಿದ್ಯಾರ್ಥಿಯೊಬ್ಬರಿದ್ದಾರೆ. ಊರವರು ಅವರನ್ನು ಶಾಸ್ತ್ರಿಗಳೆಂದೇ ಕರೆಯುವರು. ಈ ಬರಹಕ್ಕೂ ಅಷ್ಟು ಹೆಸರು ಸಾಕು. ಹುಡುಗತನದಲ್ಲಿ ಶೃಂಗೇರಿಯಲ್ಲಿದ್ದು ಶಬ್ದ, ಧಾತು, ಸಮಾಸಗಳನ್ನೂ ಅಮರಕೋಶದ ಮೂರು ಕಾಂಡಗಳನ್ನೂ ಕಂಠಸ್ಥಮಾಡಿದವರು. ಆಮೇಲಿನ ಬಾಳು ಅಡಕೆ ತೋಟ, ನಾಲ್ಕು ಮನೆಗಳ ಪೌರೋಹಿತ್ಯ, ಸಾಯಂಕಾಲ ಬಂದ ಮಕ್ಕಳಿಗೆ ಒಂದಿಷ್ಟು ಪಾಠ—ಇಷ್ಟರಲ್ಲಿಯೇ ಕಳೆಯಿತು. ಅವರ ಒಬ್ಬಳೇ ಮಗಳು 2019ರಲ್ಲಿ ಗಂಡನೊಡನೆ ಉದ್ಯೋಗಕ್ಕಾಗಿ ಟೋಕಿಯೋ ನಗರಕ್ಕೆ ಹೋದಳು. ಆಗ ಅವಳ ಮಗನಿಗೆ ಒಂದೂವರೆ ವರ್ಷ. ಮರು ವರ್ಷವೇ ಮಹಾಮಾರಿಯು ಹರಡಿ ದೇಶದೇಶಗಳ ಬಾಗಿಲು ಮುಚ್ಚಿತು. ಜಪಾನು ತನ್ನ ಬಾಗಿಲನ್ನು ಪ್ರವಾಸಿಗಳಿಗೆ ಮತ್ತೆ ಸಲೀಸಾಗಿ ತೆರೆದುದು 2022ರ ಅಕ್ಟೋಬರಿನಲ್ಲಿ. ಈ ನಡುವೆ, ತಾಯಿತಂದೆಗಳು ಕೆಲಸದಲ್ಲಿದ್ದ ಹೊತ್ತೆಲ್ಲ ಶಿಶುವಿಹಾರದಲ್ಲಿ ಬೆಳೆದ ಮಗುವಿಗೆ ಜಪಾನೀ ಭಾಷೆಯೇ ನಾಲಗೆಯ ಭಾಷೆಯಾಯಿತು. ಕನ್ನಡವನ್ನು ಕೇಳಿದರೆ ಅಷ್ಟಿಷ್ಟು ತಿಳಿಯುವುದು, ಆಡಲು ಬಾರದು.

2021ರ ಮಳೆಗಾಲದಲ್ಲಿ ಒಂದು ದಿನ ಮಗುವು ದೂರವಾಣಿಯ ಕಿರುತೆರೆಯಲ್ಲಿ ಅಜ್ಜಯ್ಯನಿಗೆ ತಾನು ಮಡಿಚಿದ ಕಾಗದದ ಹಕ್ಕಿಯೊಂದನ್ನು ತೋರಿಸಿ ಏನನ್ನೋ ಕೇಳಿತು. ಶಾಸ್ತ್ರಿಗಳು ನಕ್ಕರು. ಮಗುವು ಮತ್ತೆ ಕೇಳಿತು; ಅವರು ಮತ್ತೆ ನಕ್ಕರು. ಮೂರನೆಯ ಸಲಕ್ಕೆ ಅದು ಯಂತ್ರವನ್ನು ಮಗುಚಿಟ್ಟು, ತಾಯಿಯ ಕಡೆ ತಿರುಗಿ ಒಂದು ಮಾತು ಹೇಳಿ ಓಡಿಹೋಯಿತು. ಏನೆಂದಿತೆಂದು ವಿಚಾರಿಸಲು, ಮಗಳು ನಗುತ್ತ, “ಅಜ್ಜಯ್ಯನಿಗೆ ಮಾತು ಬರೂದಿಲ್ವಾ ಅಂತ ಕೇಳಿದ ಅಪ್ಪಯ್ಯ” ಎಂದಳು. ಮಾತಿನಿಂದಲೇ ಜೀವನ ನಡೆಸಿದವರಿಗೆ ಆ ಪ್ರಶ್ನೆಯು ನಾಟಿತು. ಅದೇ ತಿಂಗಳಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ನೆರೆಮನೆಯ ಹುಡುಗನಿಗೆ ಅಮರದ ವನೌಷಧಿವರ್ಗವನ್ನು ಹೇಳಿಕೊಡುತ್ತಿದ್ದಾಗ, ಐವತ್ತು ವರ್ಷಗಳಿಂದ ಒಮ್ಮೆಯೂ ತಡೆಯದಿದ್ದ ಶ್ಲೋಕವೊಂದು ನಡುವೆ ನಿಂತುಬಿಟ್ಟಿತು. ಹುಡುಗನು ಬಾಯಿಯನ್ನೇ ನೋಡುತ್ತಿದ್ದನು. ಶಾಸ್ತ್ರಿಗಳು ಕೆಮ್ಮಿ, ನೀರು ಕುಡಿದು, ಪುಸ್ತಕವನ್ನು ತೆರೆದರು. ಆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಜಪಾನೀ ಭಾಷೆಯನ್ನು ಕಲಿಯಬೇಕೆಂಬ ಸಂಕಲ್ಪವು ಈ ಎರಡು ಗಾಯಗಳಿಂದ ಹುಟ್ಟಿದುದು. ಒಂದರಲ್ಲಿ ಮೊಮ್ಮಗನು ಪರಕೀಯನಾಗುವ ಭಯ. ಮತ್ತೊಂದರಲ್ಲಿ ತಮ್ಮ ತಲೆಯೇ ತಮಗೆ ಪರಕೀಯವಾಗುವ ಭಯ. ಮನೆಯಾಕೆಗೆ ಮೊದಲನೆಯದನ್ನು ಮಾತ್ರ ಹೇಳಿದರು. “ಕನ್ನಡಕ ಎಲ್ಲಿಟ್ಟೆ ಅಂತ ದಿನಕ್ಕೆ ನಾಲ್ಕು ಸಲ ಹುಡುಕ್ತೀರಿ. ಈಗ ಜಪಾನೀ ಬೇರೆಯಾ ಮಾರಾಯ್ರೆ?” ಎಂದು ಆಕೆ ನಕ್ಕುಬಿಟ್ಟರು.

ಮುಪ್ಪಿನಲ್ಲಿ ಭಾಷೆ ಕಲಿತವರ ನಿದರ್ಶನಗಳನ್ನು ಶಾಸ್ತ್ರಿಗಳು ಧೈರ್ಯಕ್ಕಾಗಿ ಹುಡುಕಿದರು. ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರಿಗೆ 62 ವರ್ಷ. ಆದರೆ ಅವರು ಈ ದೇಶಕ್ಕೆ ಬಂದುದು 1853ರಲ್ಲಿ, 21ರ ಹರೆಯದಲ್ಲಿ. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದ ಮಂಜೇಶ್ವರದ ಗೋವಿಂದ ಪೈಗಳು ಬಹುಭಾಷಾಕೋವಿದರು ನಿಜ. ಅವರ ಭಾಷಾಭ್ಯಾಸವೂ ಯೌವನದಲ್ಲಿಯೇ ಮೊದಲಾದುದು. ರೋಮಿನ ಹಿರಿಯ ಕೇಟೋ ಎಂಬಾತನು ಮುದಿಪ್ರಾಯದಲ್ಲಿ ಗ್ರೀಕ್ ಕಲಿತನೆಂದು ಸಿಸಿರೋ ಬರೆದಿರುವನಷ್ಟೆ. ಆದರೆ ಆ ಕಾಲದ ರೋಮಿನಲ್ಲಿ ಗ್ರೀಕ್ ಬಲ್ಲವರಿಗೆ ಬರವಿರಲಿಲ್ಲ. ನಾರ್ವೆಯಲ್ಲಿ ಜಪಾನೀ ಬಲ್ಲವರು ಯಾರು? ನಿದರ್ಶನಗಳನ್ನು ಅಲ್ಲಿಗೆ ಬಿಟ್ಟು, ಮಗಳು ಅಂಚೆಯಲ್ಲಿ ಕಳುಹಿಸಿದ ಪುಸ್ತಕವನ್ನು ತೆರೆದರು.

ತೆರೆದೊಡನೆ ಆಶ್ಚರ್ಯವೊಂದು ಕಾದಿದ್ದಿತು. ಜಪಾನೀಯರ ಕನ ಎಂಬ ಅಕ್ಷರಮಾಲೆಯು ಅ, ಇ, ಉ, ಎ, ಒ ಎಂಬ ಐದು ಸ್ವರಗಳಿಂದ ಆರಂಭವಾಗಿ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿ ನಡೆಯುವುದು. ಅವರಲ್ಲಿ ಈಗಿನ ಹಕಾರವು ಹಿಂದೆ ಪಕಾರವಾಗಿದ್ದಿತೆಂದೂ, ಸಕಾರವು ಚಕಾರಕ್ಕೆ ಹತ್ತಿರವಾಗಿದ್ದಿತೆಂದೂ ವಿದ್ವಾಂಸರು ಹೇಳುವರು. ಹಾಗೆ ಓದಿದರೆ ಕ, ಚ, ತ, ನ, ಪ, ಮ, ಯ, ರ, ವ—ನಮ್ಮ ವರ್ಣಮಾಲೆಯೇ ಎದುರಿಗೆ ನಿಲ್ಲುವುದು. ಇದು ಕಾಕತಾಳೀಯವಲ್ಲ. ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷುವು 736ರಲ್ಲಿ ಜಪಾನನ್ನು ಮುಟ್ಟಿ, 752ರಲ್ಲಿ ನಾರಾ ನಗರದ ಮಹಾಬುದ್ಧನ ನೇತ್ರೋನ್ಮೀಲನವನ್ನು ನಡೆಸಿದನು. 804ರಲ್ಲಿ ಚೀನಕ್ಕೆ ಹೋದ ಕೂಕಾಯ್ ಎಂಬ ಯತಿಯು ಅಲ್ಲಿ ಸಿದ್ಧಂ ಲಿಪಿಯನ್ನೂ ಮಂತ್ರಶಾಸ್ತ್ರವನ್ನೂ ಕಲಿತು ಸ್ವದೇಶಕ್ಕೆ ತಂದನು. ಸಂಸ್ಕೃತದ ವರ್ಣಕ್ರಮವನ್ನು ಅಭ್ಯಾಸಮಾಡಿದ ಅಂತಹ ಯತಿಗಳ ಪರಂಪರೆಯಿಂದಲೇ ಅವರ ಅಕ್ಷರಗಳಿಗೂ ಈ ಸಾಲು ಬಂದುದು. ಶಾಸ್ತ್ರಿಗಳು ನಾಲ್ವತ್ತಾರು ಅಕ್ಷರಗಳನ್ನು ಮೂರು ವಾರಗಳಲ್ಲಿ ಕಲಿತರು. ನಿತ್ಯ ಬಳಕೆಗೆಂದು ಅಲ್ಲಿಯ ಸರಕಾರವು ಪಟ್ಟಿಮಾಡಿರುವ 2136 ಚೀನೀ ಅಕ್ಷರಗಳನ್ನು ಮಾತ್ರ ಮುಟ್ಟಲಿಲ್ಲ. ಮೊಮ್ಮಗನಿಗೂ ಅವು ಬಾರವಷ್ಟೆ. ತಾವೂ ಅವನೂ ಸಮಾನರಾಗಿದ್ದರೆ ಸಾಕೆಂದುಕೊಂಡರು.

ಪದಗಳಲ್ಲಿಯೂ ಮೊದಮೊದಲು ಸುಗ್ಗಿಯೇ ಆಯಿತು. ಬೌದ್ಧಧರ್ಮದ ಜೊತೆಯಲ್ಲಿ ಚೀನದ ದಾರಿಯಾಗಿ ಸಮುದ್ರ ದಾಟಿದ ಸಂಸ್ಕೃತ ಶಬ್ದಗಳು ವೇಷ ಬದಲಿಸಿ ಅಲ್ಲಿ ನೆಲಸಿವೆ. ಹೋಮವು ಗೋಮವಾಗಿದೆ, ಕೂಕಾಯ್ ಸ್ಥಾಪಿಸಿದ ಶಿಂಗೋನ್ ಪಂಥದ ಗುಡಿಗಳಲ್ಲಿ ಇಂದಿಗೂ ಅಗ್ನಿಯಲ್ಲಿ ಆಹುತಿ ಕೊಡುವರು. ಧ್ಯಾನವು ಜೆನ್, ಕ್ಷಣವು ಸೆತ್ಸುನ, ನರಕವು ನರಕು, ಕಾಷಾಯವು ಕೆಸ. ನೋ ನಾಟಕಗಳಲ್ಲಿ ‘ಸೊತೋಬ ಕೊಮಚಿ’ ಎಂಬುದೊಂದುಂಟು; ಆ ಸೊತೋಬವು ನಮ್ಮ ಸ್ತೂಪವೇ. ಮನೆಯ ಮಾಡಿಗೆ ಹೊದಿಸುವ ಹೆಂಚಿಗೆ ಅವರು ಕವರ ಎನ್ನುವರು. ಅದರ ಮೂಲವು ಕಪಾಲವೆಂದು ಪಂಡಿತರ ಮತ. ಪುರೋಡಾಶವನ್ನು ಬೇಯಿಸುವ ಮಣ್ಣಿನ ಕಪಾಲವನ್ನು ಬಲ್ಲ ಶಾಸ್ತ್ರಿಗಳಿಗೆ ಇದನ್ನು ನೆನಪಿಡುವುದು ಕಷ್ಟವಾಗಲಿಲ್ಲ; ಕನ್ನಡದ ಹಂಚೂ ರೊಟ್ಟಿ ಸುಡುವುದಕ್ಕೂ ಮಾಡಿಗೂ ಒಂದೇ ಹೆಸರಲ್ಲವೆ? ಗಂಡನಿಗೆ ದನ್ನ ಎಂಬ ಮಾತೂ ದಾನ ಶಬ್ದದಿಂದ ಬಂದುದು. ದಾನ ಕೊಡುವವನು ಅಲ್ಲಿ ಮನೆಯೊಡೆಯನಾದನು. ಯಜ್ಞ ಮಾಡಿಸುವ ಯಜಮಾನನು ಇಲ್ಲಿ ಮನೆಯೊಡೆಯನಾದನು. ಸರಸ್ವತಿಯು ಬೆನ್‌ಜಾಯ್‌ತೆನ್ ಎಂಬ ಹೆಸರಿನಿಂದ, ವೀಣೆಯ ಬದಲು ಬಿವ ಎಂಬ ತಂತೀವಾದ್ಯವನ್ನು ಹಿಡಿದು, ಕೆರೆಕೊಳಗಳ ಬಳಿ ಪೂಜೆಗೊಳ್ಳುವಳು. ಶಾರದೆಯ ಸನ್ನಿಧಿಯಲ್ಲಿ ಓದಿದವರಿಗೆ ಇದಕ್ಕಿಂತ ಶುಭಶಕುನವು ಬೇಕೆ?

ಇಂತಹ ನೂರು ಪದಗಳನ್ನು ಅವರು ಒಂದು ತಿಂಗಳಲ್ಲಿ ಕಲಿತು, ಒಂದು ಸಂಜೆ ಮನೆಯಾಕೆಗೆ ಒಪ್ಪಿಸಿದರು. ಆಕೆ ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಸುಡುತ್ತ ಎಲ್ಲವನ್ನೂ ಕೇಳಿ, “ಚೆನ್ನಾಗಿದೆ. ಆದರೆ ಆ ಮಗು ಹಸಿವಾದಾಗ ನಿಮ್ಮ ಹತ್ರ ಸ್ತೂಪ ಕೇಳ್ತದಾ, ನೀರು ಕೇಳ್ತದಾ?” ಎಂದರು.

ಇಲ್ಲಿಂದ ಮುಂದೆ ಗೋಡೆ. ನೀರಿಗೆ ಮಿಜು, ಕೈಗೆ ತೆ, ಕಿವಿಗೆ ಮಿಮಿ, ನಾಯಿಗೆ ಇನು—ಇವುಗಳಿಗೆ ಸಂಸ್ಕೃತದ ನಂಟಿಲ್ಲ, ಕನ್ನಡದ ನಂಟಿಲ್ಲ. ಬೆಳಿಗ್ಗೆ ಕಲಿತುದು ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿರುವುದು. ಶಾಸ್ತ್ರಿಗಳು ತಮಗೆ ತಿಳಿದ ಉಪಾಯವನ್ನೇ ಹೂಡಿದರು. ಅಕ್ಬರನ ಕಾಲದಲ್ಲಿ ಕೃಷ್ಣದಾಸನು ಪಾರಸೀಕ ಪದಗಳನ್ನು ಸಂಸ್ಕೃತ ಶ್ಲೋಕಗಳಲ್ಲಿ ಹೆಣೆದು ‘ಪಾರಸೀಪ್ರಕಾಶ’ವೆಂಬ ಕೋಶವನ್ನು ಮಾಡಿದ್ದನಷ್ಟೆ. ಅದೇ ಜಾಡಿನಲ್ಲಿ ಇವರೂ ಅಮರದ ವರ್ಗಗಳಂತೆ ದೇಹ, ಗೃಹ, ಪಶು, ಆಹಾರ ಎಂದು ವಿಂಗಡಿಸಿ, ಮೂವತ್ತು ಅನುಷ್ಟುಪ್ ಶ್ಲೋಕಗಳಲ್ಲಿ ಇನ್ನೂರು ಜಪಾನೀ ಪದಗಳನ್ನು ಕಟ್ಟಿದರು. ಸ್ನಾನಕ್ಕೆ ಹೋಗುವಾಗಲೂ ತೋಟಕ್ಕೆ ಇಳಿಯುವಾಗಲೂ ಅದನ್ನೇ ಗುನುಗುವರು. ಶ್ಲೋಕಗಳು ನಿಂತುವು, ತಡವರಿಸದೆ ಬರತೊಡಗಿದುವು. ಶಾಸ್ತ್ರಿಗಳಿಗೆ ಹರೆಯವೇ ಮರಳಿದಂತಾಯಿತು.

ಆದರೆ ಪರೀಕ್ಷೆಯ ದಿನ ಬಂದಾಗ ಆದುದು ಬೇರೆ. ಮಗಳು ದೂರವಾಣಿಯಲ್ಲಿ, “ಕಿವಿಗೆ ಎಂಥದ್ದು ಅಪ್ಪಯ್ಯ?” ಎಂದು ಕೇಳಿದಳು. ಶಾಸ್ತ್ರಿಗಳು ಕಣ್ಣು ಮುಚ್ಚಿ ದೇಹವರ್ಗದ ಮೊದಲಿನಿಂದ ಹೊರಟು—ತಲೆಗೆ ಅತಮ, ಕೂದಲಿಗೆ ಕಮಿ, ಹಣೆಗೆ ಹಿತಾಯ್, ಕಣ್ಣಿಗೆ ಮೆ, ಮೂಗಿಗೆ ಹನ—ಎಲ್ಲರ ಮನೆಯ ಬಾಗಿಲನ್ನೂ ತಟ್ಟಿ ಕಿವಿಯನ್ನು ಮುಟ್ಟುವಷ್ಟರಲ್ಲಿ ಮಗುವು ಎದ್ದುಹೋಗಿದ್ದಿತು. ಕಂಠಪಾಠದ ಗುಣವೂ ದೋಷವೂ ಅವರಿಗೆ ಆಗ ಒಟ್ಟಿಗೆ ಕಂಡುವು. ಕಂಠಪಾಠವು ಸರಪಣಿ; ಒಂದು ಕೊಂಡಿಯು ಇನ್ನೊಂದನ್ನು ಎಳೆದು ತರುವುದು. ಆದಕಾರಣ ಸಾವಿರ ಶ್ಲೋಕವಾದರೂ ಬಿಡದೆ ಬರುವುದು. ಆದರೆ ನಡುವಿನ ಒಂದು ಕೊಂಡಿಯನ್ನು ಮಾತ್ರ ಬೇಕೆಂದರೆ ಸರಪಣಿಯು ಕೊಡಲಾರದು. ಮಗ್ಗಿಯನ್ನು ರಾಗವಾಗಿ ಒಪ್ಪಿಸುವ ಹುಡುಗನು, ಏಳೆಂಟಲೆ ಎಷ್ಟೆಂದು ಕೇಳಿದಾಗ ಏಳೊಂದಲೆಯಿಂದ ಆರಂಭಿಸುವನಲ್ಲವೆ? ವನೌಷಧಿವರ್ಗದಲ್ಲಿ ತಾವು ತಡೆದುನಿಂತುದು ಏಕೆಂಬುದೂ ಅವರಿಗೆ ಹೊಳೆಯಿತು. ತಲೆಯು ಬರಿದಾಗಿರಲಿಲ್ಲ, ಒಂದು ಕೊಂಡಿ ಕಳಚಿದ್ದಿತು, ಅಷ್ಟೆ. ಮುಂದಿನದೆಲ್ಲ ಅದರಾಚೆ ಹಾಗೆಯೇ ಇದ್ದಿತು. ಈ ತಿಳಿವಳಿಕೆಯಿಂದ ಮನಸ್ಸಿಗೆ ಎಷ್ಟೋ ಹಗುರವಾಯಿತು.

ಬಾಲ್ಯದ ಪಾಠಕ್ಕೂ ಮುಪ್ಪಿನ ಪಾಠಕ್ಕೂ ಇನ್ನೊಂದು ಭೇದವುಂಟು. ಬಾಲಕನು ಅಮರವನ್ನು ಕಲಿಯುವಾಗ ಶಬ್ದವು ಮೊದಲು ಬಂದು ಒಳಗೆ ಕುಳಿತುಬಿಡುವುದು. ಅರ್ಥವು ಹತ್ತು ವರ್ಷಗಳೋ ಇಪ್ಪತ್ತು ವರ್ಷಗಳೋ ಕಳೆದಮೇಲೆ ಹುಡುಕಿಕೊಂಡು ಬರುವುದು. ಎಷ್ಟೋ ಮರಗಿಡಗಳ ಹೆಸರುಗಳನ್ನು ಹನ್ನೊಂದನೆಯ ವಯಸ್ಸಿನಲ್ಲಿ ಕಲಿತ ಶಾಸ್ತ್ರಿಗಳು ಆ ಮರಗಳನ್ನು ಗುರುತಿಸಿದುದು ನಾಲ್ವತ್ತರ ಮೇಲೆ. ಮುದುಕರಲ್ಲಿಯಾದರೋ ಅರ್ಥವೆಲ್ಲ ಮೊದಲೇ ಮನೆಮಾಡಿಕೊಂಡಿದೆ. ನೀರೆಂದರೇನು, ಕೈಯೆಂದರೇನು ಎಂದು ಹೊಸದಾಗಿ ತಿಳಿಯಬೇಕಾದುದೇನಿದೆ? ಪ್ರತಿಯೊಂದು ಅರ್ಥವೂ ಆಗಲೇ ಒಂದೆರಡು ಭಾಷೆಗಳ ಶಬ್ದಗಳೊಡನೆ ಸಂಸಾರ ಹೂಡಿದೆ. ಮೂರನೆಯ ನೆಂಟನು ಬಂದರೆ ಜಗಲಿಯಲ್ಲಿಯೇ ಕುಳಿತಿದ್ದು ಹೋಗಬೇಕು. ಅವನನ್ನು ಒಳಗೆ ಕರೆಯುವುದು ಹೇಗೆಂಬುದೇ ಪ್ರಶ್ನೆ.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ಪಂಡಿತನು 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ಜ್ಞಾಪಕಶಕ್ತಿಯನ್ನು ತಾನೇ ಅಳೆದಿರುವನು. ಅರ್ಥವಿಲ್ಲದ ಸುಮಾರು 2300 ತುಂಡು ಶಬ್ದಗಳನ್ನು ಕಲ್ಪಿಸಿ, ಅವುಗಳ ಸಾಲುಗಳನ್ನು ಬಾಯಿಪಾಠಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುವುದೆಂದು ನೋಡಿದನು. ಮರೆವೆಲ್ಲ ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು. ಆಮೇಲೆ ಉಳಿದುದು ನಿಧಾನವಾಗಿ ಸವೆಯುವುದು. ಒಂದೇ ದಿನ ಒಟ್ಟಾಗಿ ಉರುಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಆವರ್ತನೆ ಮಾಡುವುದು ಲೇಸೆಂದೂ ಅವನು ಕಂಡನು. ನಮ್ಮ ಪಾಠಶಾಲೆಗಳಲ್ಲಿ ಇದನ್ನು ಅಳೆಯಲಿಲ್ಲ, ಆದರೆ ಆಚರಿಸಿದರು. ಬೆಳಿಗ್ಗೆಯ ಸಂಥೆಯನ್ನು ಸಂಜೆ ಒಪ್ಪಿಸಬೇಕು, ಮರುದಿನ ಹೊಸ ಪಾಠಕ್ಕೆ ಮೊದಲು ಮತ್ತೆ ಹೇಳಬೇಕು, ಅನಧ್ಯಾಯದ ದಿನಗಳಲ್ಲಿ ಹೊಸತೇನೂ ಇಲ್ಲದೆ ಹಳೆಯದರ ಚಿಂತನೆ. ಇದೇ ತತ್ತ್ವವನ್ನು ಹಿಡಿದು ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕನು 1970ರ ದಶಕದಲ್ಲಿ ಚೀಟಿಗಳ ಪೆಟ್ಟಿಗೆಯೊಂದನ್ನು ಪ್ರಚಾರಕ್ಕೆ ತಂದನು. ಚೀಟಿಯ ಒಂದು ಕಡೆ ಪದ, ಹಿಂದುಗಡೆ ಅರ್ಥ. ನೆನಪಾದ ಚೀಟಿಯು ಮುಂದಿನ ಮನೆಗೆ ಹೋಗಿ ತಡವಾಗಿ ಮರಳುವುದು. ಮರೆತ ಚೀಟಿಯು ಮೊದಲ ಮನೆಗೆ ಹಿಂದಿರುಗಿ ನಾಳೆಯೇ ಎದುರಾಗುವುದು. ಈಗ ದೂರವಾಣಿಯೊಳಗೆ ಈ ಏರ್ಪಾಡನ್ನು ಯಂತ್ರವೇ ನಡೆಸುವುದುಂಟು. ಆದರೆ ಮಳೆಗಾಲದಲ್ಲಿ ವಿದ್ಯುತ್ತನ್ನು ನೆಚ್ಚಲಾಗದ ಊರಿನಲ್ಲಿ ಕಾಗದವೇ ಮೇಲೆಂದು ಶಾಸ್ತ್ರಿಗಳು, ಮನೆಯಲ್ಲಿ ಕೂಡಿಬಿದ್ದಿದ್ದ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿಗಳನ್ನು ಮಾಡಿ, ಐದು ಬಿಸ್ಕತ್ತಿನ ಡಬ್ಬಿಗಳನ್ನು ಸಾಲಾಗಿಟ್ಟರು. ದಿನಕ್ಕೆ ಐದು ಹೊಸ ಪದ. ಪ್ರತಿಪತ್ತು, ಅಷ್ಟಮಿಗಳಂದು ಹೊಸತಿಲ್ಲ.

ನಂಟಿಲ್ಲದ ಪದಗಳಿಗೆ ನಂಟು ಕಲ್ಪಿಸುವ ಆಟವನ್ನೂ ಕಲಿತರು. ಬೆಕ್ಕಿಗೆ ನೆಕೊ—ಹಾಲು ನೆಕ್ಕುವ ಪ್ರಾಣಿ. ಯಮನಿಗೆ ಅಲ್ಲಿ ಎಮ್ಮ ಎಂದು ಹೆಸರು—ಅವನೇರುವ ಕೋಣದ ಮನೆಯಾಕೆ ಎಮ್ಮೆಯಷ್ಟೆ. ಯಮ ಎಂದರೆ ಬೆಟ್ಟ. ಮಳೆಗಾಲದಲ್ಲಿ ಬೆಟ್ಟ ಹತ್ತಿದವರಿಗೆ ಅದೂ ಸರಿಯೇ. ವ್ಯಾಕರಣವೂ ಒಂದು ಕಡೆ ಕೈ ನೀಡಿತು. ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ—ಕ, ತ, ಪಗಳಿಗೆ ಗ, ದ, ಬಗಳು ಬರುವ ಈ ಆದೇಶವು ಕೇಶಿರಾಜನನ್ನು ಓದಿದವರಿಗೆ ಹೊಸದಲ್ಲ. ಜಪಾನೀ ಭಾಷೆಯಲ್ಲಿ ಕೈಯೆಂಬ ತೆ, ಕಾಗದವೆಂಬ ಕಮಿ ಸೇರಿದರೆ ತೆಗಮಿ, ಎಂದರೆ ಪತ್ರ. ಹೂವೆಂಬ ಹನ, ಬೆಂಕಿಯೆಂಬ ಹಿ ಸೇರಿದರೆ ಹನಬಿ, ಎಂದರೆ ಬಾಣಬಿರುಸು. ಹಿಂದಿನ ಪಕಾರವೇ ಇಂದಿನ ಹಕಾರವೆಂಬುದನ್ನು ನೆನೆದರೆ ಅದು ಬಕಾರವಾಗುವುದರಲ್ಲಿ ಸೋಜಿಗವೇನು? ಎರಡು ಭಾಷೆಗಳಿಗೂ ರಕ್ತಸಂಬಂಧವಿದೆಯೆಂದಲ್ಲ. ಒಂದೇ ಕಟ್ಟಳೆಯನ್ನು ಎರಡು ಊರಿನವರು ಬೇರೆ ಬೇರೆಯಾಗಿ ಮಾಡಿಕೊಂಡಂತೆ. ಆದರೂ ಹೀಗೆ ಒಡೆದು ನೋಡಿದ ಪದವು ಬೇಗ ಮರೆಯದು.

ಪದದ ಅಳತೆಯಲ್ಲಿ ಮಾತ್ರ ಒಂದು ಅವಮಾನ ಕಾದಿದ್ದಿತು. ಮಗಳು ಕೊಟ್ಟ ಪುಸ್ತಕದಲ್ಲಿ ಜಪಾನೀ ಪದಗಳನ್ನು ರೋಮನ್ ಲಿಪಿಯಲ್ಲಿಯೂ ಅಚ್ಚುಮಾಡಿದ್ದರು. ಅದರಲ್ಲಿ ದೀರ್ಘದ ಗುರುತು ಎಲ್ಲೆಡೆಯಲ್ಲಿಯೂ ಇರಲಿಲ್ಲ. ಅದನ್ನು ನೆಚ್ಚಿ ಶಾಸ್ತ್ರಿಗಳು ತಮ್ಮನ್ನು ಒಜಿಸನ್ ಎಂದು ಪರಿಚಯಿಸಿಕೊಂಡರು. ಮಗುವು ಬಿದ್ದು ಬಿದ್ದು ನಕ್ಕಿತು. ಒಜಿಸನ್ ಎಂದರೆ ಮಾವನೋ ಚಿಕ್ಕಪ್ಪನೋ, ಅಜ್ಜನಾಗಬೇಕಾದರೆ ಒಜೀಸನ್. ಹ್ರಸ್ವ, ದೀರ್ಘ, ಪ್ಲುತಗಳನ್ನು ಕೋಳಿಯ ಕೂಗಿನಿಂದ ಕಲಿತ ವೈಯಾಕರಣನು ಮಾತ್ರಾಲೋಪದಿಂದ ಮಾವನಾದನು! ಅಂದಿನಿಂದ ರೋಮನ್ ಲಿಪಿಯನ್ನು ಕೈಬಿಟ್ಟು ಚೀಟಿಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದರು. ಬಾ ಎಂಬುದು ಕಿತೆ, ಅಂಚೆಯ ಚೀಟಿಯು ಕಿತ್ತೆ. ಕತೆಗೂ ಕತ್ತೆಗೂ ಭೇದ ಬಲ್ಲ ಕನ್ನಡಿಗರಿಗೆ ಇದರಲ್ಲಿ ತೊಡಕಿಲ್ಲ.

ಇಷ್ಟರ ನಡುವೆ ಮನೆಯಾಕೆಗೆ, ಒಂದು ಚೀಟಿಯನ್ನೂ ಬರೆಯದೆ, ನಾಲ್ವತ್ತು ಐವತ್ತು ಪದಗಳು ಬಂದುಬಿಟ್ಟಿದ್ದುವು. ಹೇಗೆಂದು ಕೇಳಿದರೆ, “ನಂಗೆಂಥ ಗೊತ್ತು? ಮಗು ಹೇಳಿದ್ದನ್ನೇ ತಿರುಗಿ ಹೇಳ್ದೆ. ತಪ್ಪಾದ್ರೆ ಅದೇ ತಿದ್ದಿತು” ಎಂದರು. ಶಾಸ್ತ್ರಿಗಳು ಉತ್ತರ ಕೊಡಲಿಲ್ಲ. ತಪ್ಪು ಹೇಳಿಬಿಡುವೆನೆಂದು ಹೆದರಿ, ಪದವು ಗಟ್ಟಿಯಾಗುವ ತನಕ ಬಾಯಿ ತೆರೆಯದಿದ್ದವರು ತಾವು. ಬಾಯಿ ತೆರೆದುದರಿಂದಲೇ ಪದವು ಗಟ್ಟಿಯಾದವರು ಆಕೆ.

ಶೋಭಕೃತ್ ಸಂವತ್ಸರದ, ಎಂದರೆ 2023ರ, ಅಧಿಕ ಶ್ರಾವಣದಲ್ಲಿ ಮಗಳು ಮಗುವಿನೊಡನೆ ನಾರ್ವೆಗೆ ಬಂದಳು. ಪುಷ್ಯ ಮಳೆ ಹಿಡಿದಿದ್ದಿತು. ಶಾಸ್ತ್ರಿಗಳ ಡಬ್ಬಿಗಳಲ್ಲಿ ಆಗ ಒಂಬೈನೂರಕ್ಕೆ ಮೀರಿದ ಚೀಟಿಗಳು. ಮಗುವು ತಾಯಿಯ ಸೆರಗಿನ ಹಿಂದೆ ನಿಂತು ಕಿರುತೆರೆಯಿಂದ ಹೊರಬಿದ್ದ ಈ ಅಜ್ಜಯ್ಯನನ್ನು ನೋಡುತ್ತಿದ್ದಿತು. ಅವರು ಎರಡು ವರ್ಷಗಳಿಂದ ಸಿದ್ಧಮಾಡಿಟ್ಟಿದ್ದ ದೊಡ್ಡ ವಾಕ್ಯವು ಗಂಟಲಲ್ಲಿಯೇ ಉಳಿಯಿತು. ಅಷ್ಟರಲ್ಲಿ ಅಂಗಳದಲ್ಲಿ ಮಳೆಯು ಭೋರೆಂದು ಸುರಿಯಲಾರಂಭಿಸಲು, ಜಗಲಿಯ ಕಂಬಕ್ಕೆ ಒರಗಿ ಹೊರಗೆ ಕೈ ತೋರಿಸಿ, “ಅಮೆ, ಅಮೆ” ಎಂದರು. ಅಮೆ ಎಂದರೆ ಮಳೆ. ಮಗುವು ಹೊರಗೆ ನೋಡಲಿಲ್ಲ. ಮೆಲ್ಲಗೆ ಮುಂದೆ ಬಂದು ಅಂಗೈ ಚಾಚಿ ನಿಂತಿತು. ಶಾಸ್ತ್ರಿಗಳು ಮತ್ತೆ ಅಮೆ ಎಂದರು. ಮಗುವು ಅವರ ಮುಷ್ಟಿಯನ್ನು ಬಿಡಿಸಿ ಒಳಗೆ ಇಣಿಕಿತು.

ಮಗಳು ನಕ್ಕು ವಿವರಿಸಿದಳು. ಟೋಕಿಯೋ ನುಡಿಯಲ್ಲಿ ಮೊದಲ ಅಕ್ಷರವನ್ನು ಏರಿಸಿ ಎರಡನೆಯದನ್ನು ಇಳಿಸಿದರೆ ಅಮೆಯು ಮಳೆ. ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಏರಿಸಿದರೆ ಮಿಠಾಯಿ. ಶಾಸ್ತ್ರಿಗಳು ಒಂದು ಕ್ಷಣ ಸ್ತಬ್ಧರಾದರು. ಇಂದ್ರನನ್ನು ಕೊಲ್ಲುವ ಮಗನು ಬೇಕೆಂದು ಹೋಮ ಮಾಡಿದ ತ್ವಷ್ಟೃವು ಇಂದ್ರಶತ್ರು ಎಂಬ ಪದದ ಕೊನೆಯಲ್ಲಿರಬೇಕಾದ ಉದಾತ್ತವನ್ನು ಮೊದಲಿನಲ್ಲಿಟ್ಟು, ಇಂದ್ರನಿಂದಲೇ ಹತನಾಗುವ ವೃತ್ರನನ್ನು ಪಡೆದ ಕಥೆಯನ್ನು ಅವರು ಎಷ್ಟು ಶಿಷ್ಯರಿಗೆ ಹೇಳಿಲ್ಲ! ಸ್ವರಾಪರಾಧದಿಂದ ತ್ವಷ್ಟೃವು ಮಗನನ್ನು ಕಳೆದುಕೊಂಡನು. ನಾರ್ವೆಯಲ್ಲಿ ಒಂದು ಅಚ್ಚು ಬೆಲ್ಲದಲ್ಲಿ ಮುಗಿಯಿತು. ಅಮ್ಮಮ್ಮನು ಅಡಿಗೆಮನೆಯಿಂದ ತಂದ ಬೆಲ್ಲವನ್ನು ಬಾಯಿಗಿಟ್ಟುಕೊಂಡ ಮಗುವು, ಅಜ್ಜಯ್ಯನ ಪಕ್ಕದಲ್ಲಿ ಕುಳಿತು ಮಳೆಯನ್ನು ತೋರಿಸಿ ಒಂದು ಬಗೆಯಲ್ಲಿ, ಬೆಲ್ಲವನ್ನು ತೋರಿಸಿ ಇನ್ನೊಂದು ಬಗೆಯಲ್ಲಿ ಅಮೆ ಎಂದಿತು. ಶಾಸ್ತ್ರಿಗಳು ಎರಡೆರಡು ಸಲ ತಿರುಗಿ ಹೇಳಿದರು. ಸಂಥೆಯ ಕ್ರಮವೂ ಅದೇ: ಗುರುವು ಒಮ್ಮೆ, ಶಿಷ್ಯನು ಎರಡು ಬಾರಿ.

ಆಮೇಲೆ ಕನ್ನಡದ ಪಾಠ. ‘ಮಳೆ’ ಎಂದು ಅಜ್ಜಯ್ಯನು ಹೇಳಿಕೊಟ್ಟರೆ ಮಗುವು ‘ಮರೆ’ ಎಂದಿತು. ಜಪಾನೀ ಭಾಷೆಯಲ್ಲಿ ಲಕಾರವೂ ಇಲ್ಲ, ಳಕಾರವೂ ಇಲ್ಲ. ಎಲ್ಲಕ್ಕೂ ರಕಾರವನ್ನು ಹೋಲುವ ಒಂದೇ ಅಕ್ಷರ. ಮರೆಯಬಾರದೆಂದು ಎರಡು ವರ್ಷ ಹೆಣಗಿದವರಿಗೆ ಮೊಮ್ಮಗನು ಜಗಲಿಯಲ್ಲಿ ಕುಳಿತು “ಮರೆ, ಮರೆ” ಎನ್ನುತ್ತಿದ್ದನು. ಶಾಸ್ತ್ರಿಗಳು ಮನಸಾರೆ ನಕ್ಕರು.

ಆ ನಾಲ್ಕು ವಾರಗಳಲ್ಲಿ ಡಬ್ಬಿಗಳ ಕಡೆಗೆ ಅವರು ಹೆಚ್ಚಾಗಿ ನೋಡಲಿಲ್ಲ. ಮಗುವು ಹೊರಗೆ ಹೋಗಬೇಕೆಂದು “ಕಸ, ಕಸ” ಎಂದಾಗ ಕೆಲಸದಾಕೆ ಪೊರಕೆ ತಂದಳು. ಕಸವೆಂದರೆ ಕೊಡೆಯೆಂದು ಇನ್ನು ಆ ಮನೆಯಲ್ಲಿ ಯಾರೂ ಮರೆಯಲಾರರು. ಕಳಲೆಯ ಪಲ್ಯವನ್ನು ಬಡಿಸಿದಾಗ ಮಗುವು ಹಿಗ್ಗಿ “ತಕೆನೊಕೊ!” ಎಂದು ಕೂಗಿತು. ತಕೆ ಎಂದರೆ ಬಿದಿರು, ಕೊ ಎಂದರೆ ಕೂಸು. ಬಿದಿರಿನ ಕೂಸು ಎಂದು ಅವರು ಕಳಲೆಯನ್ನು ಕರೆಯುವರು, ನಮ್ಮಂತೆಯೇ ತಿನ್ನುವರು. ಪತ್ರೊಡೆಯನ್ನು ಮಾತ್ರ ಅದು ಕಂಡಿರಲಿಲ್ಲ. ಅಮ್ಮಮ್ಮನು “ತಬೆತೆ ಮಿತೆ” ಎಂದರು. ತಬೆತೆ ಎಂದರೆ ತಿಂದು, ಮಿತೆ ಎಂದರೆ ನೋಡು, ತಿಂದು ನೋಡು. ರುಚಿಯನ್ನು ಕಣ್ಣಿನಿಂದ ನೋಡಲಾಗದೆಂದು ಗೊತ್ತಿದ್ದೂ ತಿಂದು ನೋಡೆನ್ನುವ ಜನರು ಸಮುದ್ರದಾಚೆಯೂ ಇರುವರೆಂಬುದು ಶಾಸ್ತ್ರಿಗಳಿಗೆ ಯಾವ ವ್ಯಾಕರಣದಿಂದಲೂ ತಿಳಿದಿರಲಿಲ್ಲ. ಚೀಟಿಯಲ್ಲಿ ಆರು ಸಲ ಮೊದಲ ಡಬ್ಬಿಗೆ ಹಿಂದಿರುಗಿದ್ದ ಪದಗಳು ಒಮ್ಮೆ ಕೂಸಿನ ಬಾಯಿಂದ ಬಂದೊಡನೆ ನಿಂತುಬಿಟ್ಟುವು. ಹಾಗೆಂದು ಚೀಟಿಗಳು ವ್ಯರ್ಥವಾದುವೆಂದಲ್ಲ. ಎಂದೋ ಜಗಲಿಯ ತನಕ ಬಂದಿದ್ದ ನೆಂಟನಾದುದರಿಂದಲೇ ಒಳಗಿನವರು ಗುರುತು ಹಿಡಿದು ಕರೆದರು. ಪಾಠಶಾಲೆಯ ಲೆಕ್ಕದಲ್ಲಿ ಕೊರತೆಯಾಗಿದ್ದ ಸಹಪಾಠಿಯ ಪಾಲು ಐದು ವರ್ಷದ ಹುಡುಗನಿಂದ ಸಂದಿತು.

ಹೊರಡುವ ದಿನ ಬೆಳಿಗ್ಗೆ ಮಳೆ ಬಿಟ್ಟಿದ್ದಿತು. ಕಾರು ಅಂಗಳದ ಆಚೆ ನಿಂತಿದ್ದಿತು. ಮಗುವು ಎಲ್ಲರಿಗೂ ನಮಸ್ಕಾರ ಮಾಡಿ ಮೆಟ್ಟಿಲು ಇಳಿದು, ತಿರುಗಿ ನಿಂತು, “ಇತ್ತೆ ಕಿಮಸು” ಎಂದಿತು. ಇತ್ತೆ ಎಂದರೆ ಹೋಗಿ, ಕಿಮಸು ಎಂದರೆ ಬರುತ್ತೇನೆ. ನಾವು ಹೋಗುತ್ತೇನೆ ಎನ್ನಬಾರದೆಂದು ಹೋಗಿ ಬರುತ್ತೇನೆ ಎನ್ನುವಂತೆ ಅವರೂ ಎನ್ನುವರು. ಆದರೆ ಒಂದು ವಿಶೇಷವುಂಟು. ಅದು ಶಾಸ್ತ್ರಿಗಳ ಚೀಟಿಯ ಹಿಂದುಗಡೆಯೇ ಬರೆದಿದ್ದಿತು. ಪರರ ಮನೆಗೆ ಹೋಗಿದ್ದವರು ಅಲ್ಲಿಂದ ಹೊರಡುವಾಗ ತೊಂದರೆ ಕೊಟ್ಟೆನೆಂಬ ಅರ್ಥದ ಬೇರೊಂದು ಮಾತನ್ನಾಡುವರು. ಇತ್ತೆ ಕಿಮಸು ಎಂಬುದು ತನ್ನ ಮನೆಯಿಂದ ಹೊರಡುವವನ ಮಾತು. ಅದಕ್ಕೆ ಮನೆಯಲ್ಲಿ ಉಳಿದವರು ಕೊಡತಕ್ಕ ಉತ್ತರವನ್ನು ಶಾಸ್ತ್ರಿಗಳು ಹುಡುಕಬೇಕಾಗಲಿಲ್ಲ. “ಇತ್ತೆರಶ್ಶಾಯ್” ಎಂದರು. ಮನೆಯಾಕೆ ಕಣ್ಣೊರಸಿಕೊಂಡು, “ಹೋಗಿ ಬಾ ಮಗಾ” ಎಂದರು.

ಅದಾದಮೇಲೆ ಮರೆವು ತನ್ನ ಪಾಲನ್ನು ಕೇಳದೆ ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಇನ್ನೂರು ಚೀಟಿಗಳು ಮೊದಲ ಡಬ್ಬಿಗೆ ಮರಳಿದ್ದುವು. ಶಾಸ್ತ್ರಿಗಳು ಅದನ್ನು ಈಗ ದುಃಖದಿಂದ ಎಣಿಸುವುದಿಲ್ಲ. ಉದುರಿದ ಅಡಕೆಯನ್ನು ಹೆಕ್ಕಿದಂತೆ ಹೆಕ್ಕಿ ಮತ್ತೆ ಕಲಿಯುವರು. ದಿನಕ್ಕೆ ಐದರ ಬದಲು ಎರಡು ಹೊಸ ಪದ. ಅವೂ ಯಾರೊಡನೆಯಾದರೂ ಆಡಬಹುದಾದುವೇ ಆಗಿರಬೇಕು. ನೆರೆಮನೆಯ ಹುಡುಗನಿಗೆ ಅಮರವನ್ನು ಹೇಳಿಕೊಡುವ ಕ್ರಮವನ್ನೂ ಬದಲಿಸಿದ್ದಾರೆ. ವರ್ಗವನ್ನು ಪೂರ್ತಿಯಾಗಿ ಒಪ್ಪಿಸಿದಮೇಲೆ ನಡುನಡುವಿನಿಂದ ಪ್ರಶ್ನೆ ಕೇಳುವರು. ಹುಡುಗನೂ ಅವರನ್ನು ಕೇಳಬಹುದು. ಎಲ್ಲಿಯಾದರೂ ತಾವೇ ತಡೆದರೆ ಈಗ ಕೆಮ್ಮುವುದಿಲ್ಲ, ನೀರು ಕುಡಿಯುವುದಿಲ್ಲ. “ನೀನು ಹೇಳು” ಎನ್ನುವರು.

ಭಾನುವಾರ ಸಂಜೆ ಕಿರುತೆರೆಯಲ್ಲಿ ಮೊಮ್ಮಗನು ಕಾಣಿಸಿಕೊಂಡೊಡನೆ ಮೊದಲು ಕೇಳುವುದು ಅಲ್ಲಿ ಮಳೆಯೇ ಎಂದು. ಳಕಾರವು ಇನ್ನೂ ಪೂರ್ತಿಯಾಗಿ ಹೊರಳಿಲ್ಲ.